ಗಾಳಿಗೆ ಎದೆಯೊಡ್ಡಿದವರು

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಪಟ್ಟಿಗಳಿಗೆ ಪ್ರಮುಖ ಸ್ಥಾನವಿರುವುದು ಸಹಜ. ಉನ್ನತ ಶ್ರೇಣಿಯಲ್ಲಿ ಉತ್ತೀರ್ಣರಾದವರು, ಪಾರಿತೋಷಕ ಪಡೆದವರು, ದೊಡ್ಡ ಹುದ್ದೆಗೇರಿದವರು, ದಾನವಿತ್ತವರು ಇವರೆಲ್ಲರ ಹೆಸರುಗಳು ಅಚ್ಚಾಗಬೇಕು. ಅದನ್ನು ಓದಿ ಮಕ್ಕಳು ಹುರುಪುಗೊಳ್ಳಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಪಟ್ಟಿಗೂ ಸೇರದ ಒಂದು ಬಗೆಯ ದುಡಿಮೆಯಿದೆ. ಅದು ಇನ್ನೊಬ್ಬನ ಗೆಲುವಿನೊಳಗೆ ಕರಗಿ ಕಾಣದಾಗುವ ದುಡಿಮೆ. ಅದಕ್ಕೆ ನಾವು ಕೊಡಬೇಕಾದ ಬೆಲೆಯೇನು, ಅದನ್ನು ಯಾರಿಂದ ಎಷ್ಟು ಪಡೆಯುವುದು ನ್ಯಾಯ ಎಂಬ ಪ್ರಶ್ನೆಯನ್ನು ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ, ದಾನಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಇದಕ್ಕಾಗಿ ಕಿರಿಯರ ಸೈಕಲ್ ಕ್ರೀಡೆಯನ್ನು, ಅದರಲ್ಲಿಯೂ ಹಲವು ದಿನಗಳ ಕಾಲ ಹಂತಹಂತವಾಗಿ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಈ ಆಯ್ಕೆಗೆ ಕಾರಣವಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಸೈಕಲ್ ಪಟುಗಳ ತವರು. ಆ ಭಾಗದ ಜಾತ್ರೆಗಳಲ್ಲಿ ಕುಸ್ತಿಯಂತೆ ಸೈಕಲ್ ಪಂದ್ಯವೂ ಜನ ಕಾದು ನೋಡುವ ಆಟ. ರಾಜ್ಯ ಸರ್ಕಾರ ಈ ಎರಡೂ ಊರುಗಳಲ್ಲಿ ಸೈಕಲ್ ಪಟುಗಳಿಗಾಗಿ ಕ್ರೀಡಾನಿಲಯಗಳನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಸೇರುವ ಮಕ್ಕಳಲ್ಲಿ ಬಹುಮಂದಿ ಒಕ್ಕಲುತನದ ಮನೆಗಳಿಂದ ಬಂದವರು. ಹೊಲಕ್ಕೆ ಬುತ್ತಿ ಒಯ್ಯಲು, ಹಾಲಿನ ಕ್ಯಾನು ಸಾಗಿಸಲು ಬಳಕೆಯಾದ ಬಂಡಿಯ ಮೇಲೆಯೇ ಪಂದ್ಯದ ಮೊದಲ ಪಾಠ ಕಲಿತವರು. ಅವರ ಕಣ್ಣ ಮುಂದಿರುವುದು ಕೀರ್ತಿಯೊಂದೇ ಅಲ್ಲ; ರೈಲ್ವೆಯಲ್ಲಿಯೋ ಸೇನೆಯಲ್ಲಿಯೋ ಒಂದು ನೌಕರಿ. ಆದುದರಿಂದ ಸೈಕಲ್ ಕ್ರೀಡೆಯಲ್ಲಿ ನ್ಯಾಯಾನ್ಯಾಯಗಳ ಮಾತು ನಮ್ಮ ಭಾಗದವರಿಗೆ ದೂರದ ಮಾತಲ್ಲ.

ಹಂತಗಳ ಸ್ಪರ್ಧೆಯ ಸ್ವರೂಪವನ್ನು ಮೊದಲು ತಿಳಿಯೋಣ. 1903ರಲ್ಲಿ ಫ್ರಾನ್ಸಿನ ‘ಲೋಟೊ’ ಎಂಬ ಕ್ರೀಡಾಪತ್ರಿಕೆ ತನ್ನ ಪ್ರಸಾರ ಹೆಚ್ಚಿಸಿಕೊಳ್ಳಲೆಂದು ದೇಶವನ್ನೇ ಸುತ್ತಿಬರುವ ಸೈಕಲ್ ಸ್ಪರ್ಧೆಯನ್ನು ಏರ್ಪಡಿಸಿತು. ಅದೇ ಇಂದು ಜಗತ್ಪ್ರಸಿದ್ಧವಾಗಿರುವ ‘ಟೂರ್ ದ ಫ್ರಾನ್ಸ್’. ಆ ಮೊದಲ ವರ್ಷ ಆರು ಹಂತಗಳಲ್ಲಿ ಎರಡು ಸಾವಿರದ ನಾಲ್ಕು ನೂರು ಕಿಲೋಮೀಟರುಗಳಿಗೂ ಹೆಚ್ಚು ದಾರಿ. ಹೊರಟವರು 60 ಮಂದಿ. ಕೊನೆ ಮುಟ್ಟಿದವರು 21 ಮಂದಿ. ಗೆದ್ದವನು ಮೋರಿಸ್ ಗಾರಾಂ. ದಿನದಿನದ ವೇಳೆಗಳನ್ನು ಕೂಡಿಸುತ್ತ ಹೋಗಿ, ಒಟ್ಟು ಮೊತ್ತ ಯಾರದು ಕಡಿಮೆಯೋ ಅವನೇ ವಿಜಯಿ ಎಂಬ ಲೆಕ್ಕವೇ ಇಂಥ ಸ್ಪರ್ಧೆಗಳ ಜೀವಾಳ. ಒಂದು ದಿನದ ಅಬ್ಬರಕ್ಕೆ ಇಲ್ಲಿ ಬೆಲೆ ಕಡಿಮೆ. ಯಾವ ಹಂತವನ್ನೂ ಮೊದಲಿಗನಾಗಿ ಮುಗಿಸದವನು ಕೂಡ ಒಟ್ಟಿನಲ್ಲಿ ಗೆಲ್ಲಬಹುದು. ಒಂದು ದಿನ ಮಿಂಚಿದವನು ಮರುದಿನ ನಿಗದಿತ ಕಾಲಮಿತಿಯೊಳಗೆ ತಲುಪಲಾರದೆ ಮನೆಗೆ ಹೋಗಬಹುದು.

ಹದಿನೇಳು ಹದಿನೆಂಟರ ವಯಸ್ಸಿನ ಕಿರಿಯರಿಗಾಗಿಯೂ ಇಂಥ ಸ್ಪರ್ಧೆಗಳಿವೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ 1969ರಲ್ಲಿ ಆರಂಭವಾಗಿ, 2018ರಲ್ಲಿ ತನ್ನ ಐವತ್ತನೆಯ ಆವೃತ್ತಿಯನ್ನು ಕಂಡ ‘ಟೂರ್ ದ ಲಬಿಟಿಬಿ’ ಅವುಗಳಲ್ಲಿ ಹೆಸರಾದುದು. ಅದು ನಡೆಯುವ ಅಬಿಟಿಬಿ ಸೀಮೆ ಪ್ರವಾಸಿಗರು ಮುಗಿಬೀಳುವ ನಾಡಲ್ಲ. ಮೈಲುಗಟ್ಟಲೆ ಕಾಡು, ನಡುನಡುವೆ ಕೆರೆ, ಅಲ್ಲೊಂದು ಇಲ್ಲೊಂದು ಗಣಿಯ ಊರು. ಚಿನ್ನದ ಗಣಿಯಿಂದ ಹುಟ್ಟಿದ ವಾಲ್‌ದೋರ್, ತಾಮ್ರದ ಗಣಿಯಿಂದ ಬೆಳೆದ ರೂಆನ್-ನೊರಾಂಡಾ, ರೈಲುಮಾರ್ಗದಿಂದ ಬದುಕು ಕಂಡ ಆಮೋಸ್ ಇವು ಅಲ್ಲಿಯ ಮುಖ್ಯ ಪಟ್ಟಣಗಳು. ಒಂದರಿಂದ ಇನ್ನೊಂದಕ್ಕೆ ಎಪ್ಪತ್ತು ಕಿಲೋಮೀಟರು, ನೂರು ಕಿಲೋಮೀಟರು. ಜುಲೈ ತಿಂಗಳಲ್ಲಿ ಒಂದು ವಾರ ಈ ಊರುಗಳ ನಡುವಿನ ಹೆದ್ದಾರಿಗಳೇ ಪಂದ್ಯದ ಕಣ. ಹಲವು ದೇಶಗಳ ತಂಡಗಳು, ಒಂದೊಂದರಲ್ಲಿ ಐದಾರು ಹುಡುಗರು.

ಈ ದಾರಿಯಲ್ಲಿ ಆಲ್ಪ್ಸ್ ಪರ್ವತಗಳಂಥ ಏರುಗಳಿಲ್ಲ. ಹಾಗಾದರೆ ಕಷ್ಟವೇನು? ಗಾಳಿ! ಬಯಲಿನಲ್ಲಿ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮನಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದರಲ್ಲಿಯೇ ವೆಚ್ಚವಾಗುತ್ತದೆ. ಅವನ ಹಿಂದೆ ಒಂದು ಗೇಣಿನ ಅಂತರದಲ್ಲಿ ಚಕ್ರಕ್ಕೆ ಚಕ್ರ ಹೊಂದಿಸಿ ಬರುವವನಿಗೆ ಸುಮಾರು ಮೂರನೆಯ ಒಂದು ಪಾಲು ಶ್ರಮ ಉಳಿಯುತ್ತದೆ. ಮುಂದಿನವನ ಬೆನ್ನು ಹಿಂದಿನವನಿಗೆ ಗೋಡೆ. ಆದುದರಿಂದ ಸೈಕಲ್ ಸ್ಪರ್ಧೆ ನೋಡುವವರಿಗೆ ಕಾಲಿನ ಬಲದ ಪರೀಕ್ಷೆ; ತಿಳಿದವರಿಗೆ ಅದು ಗಾಳಿಯನ್ನು ಯಾರು ಎಷ್ಟು ಹೊತ್ತು ಎದುರಿಸಬೇಕೆಂಬ ಒಪ್ಪಂದ. ಅಡ್ಡಗಾಳಿ ಬೀಸಿದರಂತೂ ಸವಾರರು ಒಬ್ಬರ ಹಿಂದೆ ಒಬ್ಬರು ನಿಲ್ಲದೆ, ಒಬ್ಬರ ಮಗ್ಗುಲಿಗೆ ಒಬ್ಬರು ಓರೆಯಾಗಿ, ಬೀಸಣಿಗೆ ಬಿಚ್ಚಿದಂತೆ ರಸ್ತೆಯ ಅಂಚಿನಿಂದ ಅಂಚಿಗೆ ಹರಡಿಕೊಳ್ಳುತ್ತಾರೆ. ರಸ್ತೆಯ ಅಗಲದಲ್ಲಿ ಎಷ್ಟು ಜನ ಹಿಡಿಯುತ್ತಾರೋ ಅಷ್ಟು ಜನಕ್ಕೆ ಮಾತ್ರ ಆಸರೆ. ಆ ಸಾಲಿಗೆ ಸೇರಲಾರದವನು ಅಂಚಿನ ಜಲ್ಲಿಯ ಮೇಲೆ ಒಬ್ಬಂಟಿಯಾಗಿ ಹೆಣಗಬೇಕು. ಅರ್ಧ ಗಂಟೆಯಲ್ಲಿ ಗುಂಪು ಹರಿದು ನಾಲ್ಕು ತುಂಡಾಗುತ್ತದೆ.

ಇಂಥ ಸ್ಪರ್ಧೆಗೆ ಮೊದಲ ಬಾರಿ ಬಂದ ಒಬ್ಬ ಹದಿನೇಳರ ಹುಡುಗನನ್ನು ಕಲ್ಪಿಸಿಕೊಳ್ಳಿ. ತನ್ನ ಊರಿನ ಪಂದ್ಯಗಳಲ್ಲಿ ಅವನೇ ಮೊದಲಿಗ. ಅದಕ್ಕಾಗಿಯೇ ಅವನನ್ನು ಆರಿಸಿ ಕಳಿಸಿದ್ದಾರೆ. ಮೊದಲ ದಿನವೇ ಅವನಿಗೆ ತಿಳಿಯುವ ಸಂಗತಿಯೆಂದರೆ, ಅಲ್ಲಿ ಕೂಡಿದ ನೂರಕ್ಕೂ ಹೆಚ್ಚು ಹುಡುಗರು ಎಲ್ಲರೂ ತಂತಮ್ಮ ಊರಿನ ಮೊದಲಿಗರು. ಎರಡನೆಯ ದಿನ ಅವನು ತಿರುವಿನಲ್ಲಿ ಸ್ಥಳ ಬಿಟ್ಟುಕೊಟ್ಟು ಹಿಂದೆ ಬೀಳುತ್ತಾನೆ. ಕಳೆದುಕೊಂಡ ಇಪ್ಪತ್ತು ಮೀಟರನ್ನು ಮರಳಿ ಗಳಿಸಲು ಐದು ಕಿಲೋಮೀಟರು ಉಸಿರು ಬಿಗಿಹಿಡಿದು ತುಳಿಯುತ್ತಾನೆ. ಮೂರನೆಯ ದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ತೊಡೆಗಳು ಕಲ್ಲಾಗಿರುತ್ತವೆ. ಹಸಿವಿಲ್ಲದಿದ್ದರೂ ಉಣ್ಣಬೇಕು. ಮೈಯೊಳಗೆ ಕೂಡಿಟ್ಟ ಸಕ್ಕರೆಯ ದಾಸ್ತಾನು ಬಿರುಸಿನ ತುಳಿತಕ್ಕೆ ಒಂದೂವರೆ ಎರಡು ಗಂಟೆಗಳಲ್ಲಿ ಬರಿದಾಗುವಂಥದು. ರಾತ್ರಿ ಬಿಟ್ಟ ತುತ್ತು ಮರುದಿನ ಮಧ್ಯಾಹ್ನ ಕಣ್ಣಿಗೆ ಕತ್ತಲೆಯಾಗಿ ಬರುತ್ತದೆ. ತೊಳೆದ ಬಟ್ಟೆ ಒಣಗಿದೆಯೇ, ಟಯರಿನಲ್ಲಿ ಗಾಜಿನ ಚೂರು ಸೇರಿದೆಯೇ, ಕಾಲು ಚಾಚಿ ಮಲಗಲು ಒಂದು ಗಂಟೆ ಸಿಕ್ಕೀತೇ ಎಂಬಂಥ ಸಣ್ಣ ಸಂಗತಿಗಳೇ ನಾಳಿನ ಸ್ಥಾನವನ್ನು ನಿರ್ಣಯಿಸುತ್ತವೆ. ಒಂದು ದಿನದ ಪರೀಕ್ಷೆಗೂ ವರ್ಷವಿಡೀ ನಡೆವ ಅಭ್ಯಾಸಕ್ಕೂ ಇರುವ ಅಂತರ ಇದೇ.

ನಡುವೆ ಒಂದು ಹಂತ ಒಬ್ಬಂಟಿ ಓಟ. ಒಬ್ಬೊಬ್ಬರನ್ನೇ ನಿಗದಿತ ಅಂತರದಲ್ಲಿ ಬಿಡುತ್ತಾರೆ. ಆಸರೆಗೆ ಯಾರ ಬೆನ್ನೂ ಇಲ್ಲ, ಗಡಿಯಾರವೊಂದೇ ಎದುರಾಳಿ. ಅಲ್ಲಿ ಹುಡುಗನಿಗೆ ತನ್ನ ನಿಜವಾದ ತೂಕ ತಿಳಿಯುತ್ತದೆ. ಅದರ ಸಂಜೆ ತರಬೇತುದಾರರು ತಂಡವನ್ನು ಕೂರಿಸಿಕೊಂಡು ಲೆಕ್ಕ ಹಾಕುತ್ತಾರೆ. ತಂಡದಲ್ಲಿ ಒಬ್ಬನು ಒಟ್ಟಿನಲ್ಲಿ ನಾಲ್ಕನೆಯವನಾಗಿದ್ದಾನೆ. ಉಳಿದವರು ನಲವತ್ತು, ಅರವತ್ತು, ತೊಂಬತ್ತನೆಯವರು. ನಾಳೆಯಿಂದ ಉಳಿದವರ ಕೆಲಸ ಆ ಒಬ್ಬನನ್ನು ಕಾಯುವುದು. ಅವನಿಗಾಗಿ ಗಾಳಿಗೆ ಎದೆಯೊಡ್ಡುವುದು. ಹಿಂದೆ ಹೋಗಿ ನೀರಿನ ಬಾಟಲಿ ತರುವುದು. ಅವನ ಟಯರು ಪಂಕ್ಚರಾದರೆ ನಿಂತು ಗಾಲಿ ಬಿಚ್ಚಿಕೊಡುವುದು. ತಪ್ಪಿಸಿಕೊಂಡು ಹೋದ ಎದುರಾಳಿಗಳನ್ನು ಅಟ್ಟಿ ಹಿಡಿಯಲು ಗುಂಪಿನ ಮುಂದೆ ನಿಂತು, ಶಕ್ತಿ ಮುಗಿಯುವವರೆಗೆ ಎಳೆದು, ಮುಗಿದ ಮೇಲೆ ಬದಿಗೆ ಸರಿಯುವುದು. ಕೊನೆಯ ಗೆರೆಯನ್ನು ನಾಯಕನು ದಾಟುವಾಗ ಈ ಹುಡುಗ ಆರು ನಿಮಿಷ ಹಿಂದಿರುತ್ತಾನೆ. ಫಲಿತಾಂಶಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘78’ ಎಂಬ ಅಂಕಿ. ಊರಿನಲ್ಲಿ ತಂದೆ ಆ ಅಂಕಿಯನ್ನು ಮಾತ್ರ ಓದುತ್ತಾರೆ.

ಈ ಕೆಲಸಕ್ಕೆ ಸೈಕಲ್ ಜಗತ್ತಿನಲ್ಲಿ ‘ದೊಮೆಸ್ತಿಕ್’ ಎಂಬ ಹೆಸರಿದೆ. ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ ಮನೆಯಾಳು. ಅದು ಹುಟ್ಟಿದ್ದು ಬೈಗುಳವಾಗಿ. ಟೂರ್ ದ ಫ್ರಾನ್ಸಿನ ಸ್ಥಾಪಕ ಆನ್ರಿ ದೆಗ್ರಾಂಜ್ ಒಬ್ಬನು ಇನ್ನೊಬ್ಬನಿಗೆ ನೆರವಾಗುವುದನ್ನೇ ಸಹಿಸದಿದ್ದವನು. ಪ್ರತಿಯೊಬ್ಬನೂ ತನ್ನ ಬಲದಿಂದಲೇ ಗೆಲ್ಲಬೇಕೆಂಬುದು ಅವನ ಹಟ. 1911ರಲ್ಲಿ ಮೋರಿಸ್ ಬ್ರೊಕೊ ಎಂಬ ಸವಾರ ತನಗೆ ಗೆಲುವು ದಕ್ಕದೆಂದು ತಿಳಿದು ಇನ್ನೊಬ್ಬ ಸ್ಪರ್ಧಿಗೆ ಸಹಾಯ ಮಾಡಹೊರಟಾಗ ದೆಗ್ರಾಂಜ್ ಅವನನ್ನು ಈ ಮಾತಿನಿಂದ ಹೀಗಳೆದ. ಕಾಲ ಆ ಮಾತನ್ನು ತಿರುಗಿಸಿತು. 1934ರ ಸ್ಪರ್ಧೆಯಲ್ಲಿ ಇಪ್ಪತ್ತು ವರ್ಷದ ರೆನೆ ವಿಯೆತ್ತೊ ಪರ್ವತದ ಹಾದಿಗಳಲ್ಲಿ ಎಲ್ಲರನ್ನೂ ಮೀರಿಸುತ್ತಿದ್ದ ಹುಡುಗ. ಪಿರನೀಸ್ ಪರ್ವತಗಳಲ್ಲಿ ಅವನ ತಂಡದ ನಾಯಕ ಆಂತೊನಿನ್ ಮಾನ್‌ನ ಗಾಲಿ ಮುರಿಯಿತು. ವಿಯೆತ್ತೊ ತನ್ನ ಗಾಲಿಯನ್ನು ಬಿಚ್ಚಿಕೊಟ್ಟು, ಬದಲಿ ಗಾಲಿ ಬರುವವರೆಗೆ ರಸ್ತೆಯ ಬದಿಯ ಕಲ್ಲುಗೋಡೆಯ ಮೇಲೆ ಅಳುತ್ತ ಕುಳಿತ. ಮರುದಿನ ಮತ್ತೆ ನಾಯಕನಿಗೆ ಅಪಘಾತವಾದಾಗ ಇಳಿಯುತ್ತಿದ್ದ ದಾರಿಯನ್ನು ಮರಳಿ ಏರಿಹೋಗಿ ತನ್ನ ಸೈಕಲ್ಲನ್ನೇ ಕೊಟ್ಟ. ಮಾನ್ ಗೆದ್ದ, ವಿಯೆತ್ತೊ ಐದನೆಯವನಾದ. ಆದರೆ ಆ ವರ್ಷದ ಸ್ಪರ್ಧೆಯೆಂದರೆ ಜನ ಇಂದಿಗೂ ನೆನೆಯುವುದು ಗೋಡೆಯ ಮೇಲೆ ಕುಳಿತ ಹುಡುಗನ ಚಿತ್ರವನ್ನು.

ನಮ್ಮ ದೇಶದ ಹುಡುಗರೂ ಈ ಪಾಠವನ್ನು ಬಲ್ಲರು. 2019ರ ಆಗಸ್ಟಿನಲ್ಲಿ ಜರ್ಮನಿಯ ಓಡರ್ ನದಿಯ ದಡದ ಫ್ರಾಂಕ್‌ಫರ್ಟ್ ನಗರದಲ್ಲಿ ನಡೆದ ಕಿರಿಯರ ವಿಶ್ವ ಟ್ರ್ಯಾಕ್ ಸೈಕ್ಲಿಂಗ್ ಸ್ಪರ್ಧೆಯಲ್ಲಿ ಭಾರತದ ಹುಡುಗರು ತಂಡ ಸ್ಪ್ರಿಂಟ್ ವಿಭಾಗದ ಚಿನ್ನದ ಪದಕ ಗಳಿಸಿದರು. ಅದು ಹಂತಗಳ ಸ್ಪರ್ಧೆಯಲ್ಲ, ಒಂದು ನಿಮಿಷದೊಳಗೆ ಮುಗಿಯುವ ಓಟ. ಆದರೂ ತತ್ತ್ವ ಒಂದೇ. ಮೂವರು ಒಬ್ಬರ ಹಿಂದೆ ಒಬ್ಬರು ಹೊರಡುತ್ತಾರೆ. ಮೊದಲಿನವನು ಒಂದು ಸುತ್ತು ಎಳೆದು ಪಕ್ಕಕ್ಕೆ ಸರಿಯುತ್ತಾನೆ, ಎರಡನೆಯವನು ಇನ್ನೊಂದು ಸುತ್ತು ಎಳೆದು ಸರಿಯುತ್ತಾನೆ, ಮೂರನೆಯವನು ಗೆರೆ ದಾಟಿದ ವೇಳೆಯೇ ತಂಡದ ವೇಳೆ. ಅಂಡಮಾನಿನ ಹುಡುಗನೂ ಮಣಿಪುರದ ಹುಡುಗರೂ ಸೇರಿ ಗಳಿಸಿದ ಆ ಪದಕ ಸರಿದುನಿಂತವರಿಗೂ ಸಮನಾಗಿ ಸಂದಿತು ಎಂಬುದು ಗಮನಿಸಬೇಕಾದ ಸಂಗತಿ. ಹಂತಗಳ ಸ್ಪರ್ಧೆಯ ವೈಯಕ್ತಿಕ ಪಟ್ಟಿಗೆ ಈ ಔದಾರ್ಯವಿಲ್ಲ.

ಶರಣ ಪರಂಪರೆಯ ನೆಳಲಿನಲ್ಲಿ ಬೆಳೆದ ನಾವು ಇದನ್ನೆಲ್ಲ ಕೇಳಿದೊಡನೆ ‘ಇದೇ ಕಾಯಕ, ಇದೇ ದಾಸೋಹ’ ಎಂದು ತಲೆದೂಗುತ್ತೇವೆ. ತಲೆದೂಗುವ ಮೊದಲು ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಆಕ್ಷೇಪ ಇದು: ಎತ್ತು ಮಾರಿ ಮಗನಿಗೆ ಸೈಕಲ್ ಕೊಡಿಸಿದ ರೈತನ ಮುಂದೆ ತ್ಯಾಗದ ಮಹಿಮೆ ಹಾಡುವುದು ಎಷ್ಟು ಸರಿ? ಕ್ರೀಡಾ ಕೋಟಾದ ನೌಕರಿಗೆ ಕೇಳುವುದು ಸ್ಥಾನವನ್ನು. ‘ಈತ ಗಾಳಿಯನ್ನು ಚೆನ್ನಾಗಿ ತಡೆದ’ ಎಂಬ ಪ್ರಮಾಣಪತ್ರಕ್ಕೆ ಯಾವ ಇಲಾಖೆ ಅಂಕ ಕೊಡುತ್ತದೆ? ಉಳ್ಳವರ ಮಗ ನಾಯಕನಾಗಿ, ಇಲ್ಲದವರ ಮಗ ಬಾಟಲಿ ಹೊರುವವನಾಗಿ, ಅದಕ್ಕೆ ಸೇವೆಯೆಂಬ ಹೆಸರಿಟ್ಟರೆ ಅದು ಹಳೆಯ ಆಳುತನವೇ ಅಲ್ಲವೇ?

ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದರಲ್ಲಿ ಸತ್ಯವಿದೆ. ಬಸವಾದಿ ಶರಣರು ಕಾಯಕಕ್ಕೆ ಘನತೆ ತಂದುದು ಕೆಲಸವನ್ನು ಹೊಗಳಿದುದರಿಂದ ಮಾತ್ರವಲ್ಲ. ಕೆಲಸಗಳ ನಡುವಿನ ಮೇಲುಕೀಳನ್ನು ಅಳಿಸಲು ಹೊರಟುದರಿಂದ. ದೋಣಿ ನಡೆಸುವ ಅಂಬಿಗನೂ ಚಮ್ಮಾವುಗೆ ಮಾಡುವವನೂ ಅರಮನೆಯ ಭಂಡಾರಿಯ ಸರಿಸಮಕ್ಕೆ ಕುಳಿತು ಅನುಭಾವ ನುಡಿದರೆಂಬುದೇ ಆ ಚಳುವಳಿಯ ತಿರುಳು. ಸಮಾನತೆಯನ್ನು ತೆಗೆದುಹಾಕಿದ ಸೇವೆ ಕಾಯಕವಾಗದು. ಅದು ಬಿಟ್ಟಿ ಚಾಕರಿಯಾಗುತ್ತದೆ. ಆದುದರಿಂದ ತಂಡಕ್ಕಾಗಿ ದುಡಿಯುವ ಹುಡುಗನ ದುಡಿಮೆ ನ್ಯಾಯವೆನಿಸಬೇಕಾದರೆ ಮೂರು ಷರತ್ತುಗಳು ಬೇಕು. ಮೊದಲನೆಯದು, ಸರದಿ. ಇಂದು ಗಾಳಿ ತಡೆದವನಿಗೆ ಮುಂದಿನ ಪಂದ್ಯದಲ್ಲಿ ತಾನೂ ನಾಯಕನಾಗುವ ಅವಕಾಶವಿರಬೇಕು. ಎರಡನೆಯದು, ಒಪ್ಪಿಗೆ. ಏಕೆ, ಎಷ್ಟು ದೂರ, ಯಾರಿಗಾಗಿ ಎಂಬುದನ್ನು ಅವನೊಡನೆ ಕುಳಿತು ತೀರ್ಮಾನಿಸಬೇಕು; ದೂರದಿಂದ ಕೂಗಿ ಆಜ್ಞೆ ಮಾಡಬಾರದು. ಮೂರನೆಯದು, ದಾಖಲೆ. ಅವನು ಮಾಡಿದ ಕೆಲಸ ಬರಹದಲ್ಲಿ ಉಳಿಯಬೇಕು. ಬಾಯಿಮಾತಿನ ಶಹಭಾಸ್‌ಗಿರಿಯಲ್ಲಿ ಮುಗಿದುಹೋಗಬಾರದು.

ಕಿರಿಯರ ಸ್ಪರ್ಧೆಯ ಚೆಲುವೆಂದರೆ ಈ ಸರದಿ ಅಲ್ಲಿ ಇನ್ನೂ ಸಾಧ್ಯವಾಗಿರುವುದು. ವೃತ್ತಿಪರರ ತಂಡಗಳಲ್ಲಿ ಯಾರು ನಾಯಕ, ಯಾರು ಸೇವಕ ಎಂಬುದು ಬಹುಮಟ್ಟಿಗೆ ಸಂಬಳದ ಕರಾರಿನಲ್ಲಿಯೇ ನಿಶ್ಚಯವಾಗಿರುತ್ತದೆ. ಹದಿನೇಳರ ಹುಡುಗರಲ್ಲಿ ಹಾಗಲ್ಲ. ಸೋಮವಾರದ ನಾಯಕ ಬುಧವಾರ ಮುಗ್ಗರಿಸಬಹುದು. ಬಾಟಲಿ ತಂದವನ ಕಾಲಿನಲ್ಲಿ ಗುರುವಾರ ಹೊಸ ಬಲ ಕಾಣಿಸಬಹುದು. ಯಾರೊಳಗೆ ಏನಿದೆಯೆಂದು ಇನ್ನೂ ತಿಳಿಯದ ವಯಸ್ಸು ಅದು. ಆ ವಯಸ್ಸಿನಲ್ಲಿ ಒಬ್ಬನನ್ನು ಶಾಶ್ವತ ವಿಜಯಿಯೆಂದೂ ಇನ್ನೊಬ್ಬನನ್ನು ಶಾಶ್ವತ ಸಹಾಯಕನೆಂದೂ ಗುರುತು ಹಾಕುವುದು ಗುರುವಿನ ಕೆಲಸವಲ್ಲ.

ಆದರೆ ಇಂದಿನ ಗಾಳಿ ಬೀಸುತ್ತಿರುವುದು ಅದೇ ದಿಕ್ಕಿಗೆ. ಬೆಲ್ಜಿಯಂ ದೇಶದ ರೆಮ್ಕೊ ಎವೆನೆಪೋಲ್ 2018ರಲ್ಲಿ ಕಿರಿಯರ ಎರಡೂ ವಿಶ್ವ ರಸ್ತೆ ಪ್ರಶಸ್ತಿಗಳನ್ನು ಗೆದ್ದು, ನಡುವಣ ಮೆಟ್ಟಿಲನ್ನು ದಾಟಿ, 2019ರಲ್ಲಿ ನೇರವಾಗಿ ಹಿರಿಯ ವೃತ್ತಿಪರರ ಜೊತೆ ಓಡತೊಡಗಿದ. 2020ರಲ್ಲಿ ಇಟಲಿಯ ಸ್ಪರ್ಧೆಯೊಂದರಲ್ಲಿ ಸೇತುವೆಯಿಂದ ಕೆಳಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಚೇತರಿಸಿಕೊಂಡು 2022ರಲ್ಲಿ ಸ್ಪೇನಿನ ಮಹಾಸ್ಪರ್ಧೆಯನ್ನೂ ವಿಶ್ವ ಪ್ರಶಸ್ತಿಯನ್ನೂ ಗೆದ್ದ. ಅವನ ಪ್ರತಿಭೆ ಅಸಾಧಾರಣ. ಆದರೆ ಆ ಅಪವಾದವನ್ನೇ ನಿಯಮ ಮಾಡಿಕೊಂಡು ದೊಡ್ಡ ತಂಡಗಳು ಶಾಲಾ ವಯಸ್ಸಿನ ಮಕ್ಕಳ ಬೆನ್ನು ಹತ್ತಿವೆ. ಎಳೆಯ ಮೊಣಕಾಲುಗಳ ರಕ್ಷಣೆಗೆಂದು ಹಿಂದೆ ಒಂದು ಕಟ್ಟಳೆಯಿತ್ತು. ಕಿರಿಯರ ಸೈಕಲ್ಲಿನ ಪೆಡಲನ್ನು ಒಂದು ಸುತ್ತು ತಿರುಗಿಸಿದರೆ ಬಂಡಿ 7.93 ಮೀಟರಿಗಿಂತ ಹೆಚ್ಚು ದೂರ ಸಾಗುವಂಥ ಗೇರು ಇರಕೂಡದು ಎಂದು. 2023ರ ಜನವರಿ 1ರಿಂದ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅದನ್ನು ತೆಗೆದುಹಾಕಿತು. ಅದಕ್ಕೆ ತಾಂತ್ರಿಕ ಕಾರಣಗಳಿರಬಹುದು. ಆದರೆ ಕಟ್ಟಳೆ ಹೋದ ಮೇಲೆ ಎಷ್ಟು ಭಾರದ ಗೇರನ್ನು ಯಾವ ಹುಡುಗನಿಂದ ತುಳಿಸಬೇಕೆಂಬ ವಿವೇಕ ಪೂರ್ತಿಯಾಗಿ ತರಬೇತುದಾರನ ಹೆಗಲಿಗೆ ಬಿದ್ದಿತೆಂಬುದನ್ನು ಮರೆಯಲಾಗದು.

ಮುಂದಿರುವವರ ಮೇಲಷ್ಟೇ ನೆಟ್ಟ ಕಣ್ಣು ಹಿಂದೆ ಬಿದ್ದವರನ್ನು ಕಾಣದು. 2024ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ನಡೆದ ವಿಶ್ವ ಸ್ಪರ್ಧೆಯ ಕಿರಿಯ ಬಾಲಕಿಯರ ವಿಭಾಗದಲ್ಲಿ, ಮಳೆಯ ದಿನ, ಕಾಡಿನ ನಡುವಿನ ಇಳಿಜಾರಿನಲ್ಲಿ ಅದೇ ದೇಶದ ಹದಿನೆಂಟು ವರ್ಷದ ಸ್ಪರ್ಧಿಯೊಬ್ಬಳು ಬಿದ್ದಳು. ಆಕೆ ಬಿದ್ದುದು ಬಹುಹೊತ್ತು ಯಾರ ಗಮನಕ್ಕೂ ಬರಲಿಲ್ಲ. ಮರುದಿನ ಆಕೆ ತೀರಿಕೊಂಡಳು. ದೂರದರ್ಶನದ ಕ್ಯಾಮರಾಗಳಿದ್ದವು, ಅಧಿಕಾರಿಗಳ ವಾಹನಗಳಿದ್ದವು, ಸಾವಿರಾರು ಪ್ರೇಕ್ಷಕರಿದ್ದರು. ಒಂದು ವರ್ಷದ ತರುವಾಯ ರುವಾಂಡಾ ದೇಶದ ಕಿಗಾಲಿಯಲ್ಲಿ ನಡೆದ 2025ರ ವಿಶ್ವ ಸ್ಪರ್ಧೆಯಲ್ಲಿ ಪ್ರತಿಯೊಬ್ಬ ಸವಾರನ ಸ್ಥಳವನ್ನೂ ಉಪಗ್ರಹದ ನೆರವಿನಿಂದ ತಿಳಿಸುವ ಉಪಕರಣವನ್ನು ಅಳವಡಿಸಿದರು. ನಮ್ಮ ತಾಲೂಕು ಮಟ್ಟದ ಪಂದ್ಯಗಳಿಗೆ ಆ ಉಪಕರಣ ಬೇಕಾಗಿಲ್ಲ. ಹೊರಟವರೆಷ್ಟು, ಬಂದವರೆಷ್ಟು ಎಂದು ಎಣಿಸುವ ಒಬ್ಬ ಮಾಸ್ತರರು, ಎಲ್ಲರ ಹಿಂದೆ ಬರುವ ಒಂದು ವಾಹನ, ಪ್ರತಿಯೊಂದು ತಲೆಗೂ ಒಂದು ಗಟ್ಟಿ ಹೆಲ್ಮೆಟ್ ಇಷ್ಟಿದ್ದರೆ ಸಾಕು. ಆದರೆ ಇವಿಲ್ಲದೆ ಪಂದ್ಯ ನಡೆಸಬಾರದು.

ಹಿಂದಿನವರನ್ನು ನೋಡುವ ಕಣ್ಣು ಆ ಕ್ರೀಡೆಯ ಹಳೆಯ ಸಂಪ್ರದಾಯದಲ್ಲಿಯೇ ಇದೆ. ಟೂರ್ ದ ಫ್ರಾನ್ಸಿನಲ್ಲಿ ಒಟ್ಟು ಪಟ್ಟಿಯ ಕಟ್ಟಕಡೆಯವನಿಗೆ ‘ಕೆಂಪು ಲಾಂದ್ರ’ ಎಂಬ ಹೆಸರುಂಟು. ರೈಲಿನ ಕೊನೆಯ ಡಬ್ಬಿಗೆ ತೂಗುಹಾಕುವ ಕೆಂಪು ದೀಪದಿಂದ ಬಂದ ಹೆಸರು ಅದು. ದೀಪ ಕಂಡರೆ ರೈಲು ಪೂರ್ತಿ ಬಂದಿದೆ, ಯಾವ ಡಬ್ಬಿಯೂ ದಾರಿಯಲ್ಲಿ ಕಳಚಿಲ್ಲ ಎಂದು ಸ್ಟೇಷನ್ನಿನವರಿಗೆ ಖಾತ್ರಿ. ಕೊನೆಯವನನ್ನು ಜನ ಚಪ್ಪಾಳೆ ತಟ್ಟಿ ಬರಮಾಡಿಕೊಳ್ಳುತ್ತಾರೆ, ಏಕೆಂದರೆ ಅವನ ಹಿಂದೆ ಇದ್ದವರೆಲ್ಲ ಆಗಲೇ ಬಿಟ್ಟು ಹೋಗಿದ್ದಾರೆ, ಅವನು ಬಿಟ್ಟಿಲ್ಲ.

ಇನ್ನು ದಾನಿಗಳಿಗೆ ಸಂಬಂಧಿಸಿದ ಮಾತು. ಮೇಲೆ ಹೇಳಿದ ಅಬಿಟಿಬಿಯ ಸ್ಪರ್ಧೆಯನ್ನು ಇಷ್ಟು ದಶಕ ಹೊತ್ತು ನಡೆಸಿದವರು ದೊಡ್ಡ ಶ್ರೀಮಂತರಲ್ಲ. ಆ ಗಣಿಯೂರುಗಳ ಸಾಮಾನ್ಯ ಜನ. ವರ್ಷವರ್ಷವೂ ನೂರಾರು ಮಂದಿ ಸ್ವಯಂಸೇವಕರು. ರಸ್ತೆಯ ಅಡ್ಡದಾರಿಗಳಲ್ಲಿ ಬಾವುಟ ಹಿಡಿದು ನಿಲ್ಲುವವರು, ಅಡುಗೆ ಬಡಿಸುವವರು, ಗಾಯಕ್ಕೆ ಪಟ್ಟಿ ಕಟ್ಟುವವರು. ದೇಶವಿದೇಶಗಳಿಂದ ಬಂದ ಹುಡುಗರಿಗೆ ಐಷಾರಾಮದ ಹೋಟೆಲುಗಳಿಲ್ಲ. ಬೇಸಿಗೆಯ ರಜೆಯಲ್ಲಿ ಖಾಲಿಯಾದ ಊರಿನ ಶಾಲೆಯೇ ವಸತಿ, ಅಲ್ಲಿಯ ಊಟದ ಮನೆಯಲ್ಲಿಯೇ ಎಲ್ಲರಿಗೂ ಊಟ. ಹಗಲು ರಸ್ತೆಯಲ್ಲಿ ಪೈಪೋಟಿ ನಡೆಸಿದವರು ರಾತ್ರಿ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಜೋಳಿಗೆ ಹಿಡಿದು ಮನೆಮನೆಯಿಂದ ಧಾನ್ಯ ಕೂಡಿಸಿ ಪ್ರಸಾದನಿಲಯಗಳನ್ನು ಕಟ್ಟಿದ ಪೂಜ್ಯರ ಪರಂಪರೆಯನ್ನು ಕಂಡ ನಮಗೆ ಈ ಚಿತ್ರ ಅಪರಿಚಿತವಲ್ಲ. ಭಾಷೆ ಬೇರೆ, ದೇವರ ಹೆಸರು ಬೇರೆ. ಊರು ಕೂಡಿ ಪರರ ಮಕ್ಕಳಿಗೆ ಉಣಬಡಿಸುವ ಹುರುಳು ಒಂದೇ. ಹೋಟೆಲುಗಳ ಕೊರತೆ ಆ ಸೀಮೆಗೆ ಅಡ್ಡಿಯಾಗಲಿಲ್ಲ. ಇದ್ದ ಶಾಲೆಯ ಬಾಗಿಲು ತೆರೆಯಿತು. ಪ್ರಸಾದನಿಲಯವಿರುವ ನಮ್ಮಂಥ ಸಂಸ್ಥೆಗಳು ಜಿಲ್ಲೆಯ ಮಕ್ಕಳಿಗಾಗಿ ಮೂರು ದಿನಗಳ ಹಂತದ ಸ್ಪರ್ಧೆಯೊಂದನ್ನು ನಡೆಸುವುದು ಅಸಾಧ್ಯದ ಮಾತೇನೂ ಅಲ್ಲ.

ಹಾಗೆ ನಡೆಸುವುದಾದರೆ ನನ್ನ ಸೂಚನೆಗಳು ಇವು. ಪ್ರಥಮ ಸ್ಥಾನಕ್ಕೆ ಕೊಡುವ ಬಂಗಾರದ ಪದಕದ ಬದಲು, ಅದೇ ಹಣದಲ್ಲಿ ಶಾಲೆಯ ಹೆಸರಿನಲ್ಲಿ ಸೈಕಲ್ಲು, ಹೆಚ್ಚುವರಿ ಗಾಲಿ, ಟ್ಯೂಬು, ಹೆಲ್ಮೆಟ್‌ಗಳನ್ನು ದಾನಿಗಳು ಕೊಡಿಸಲಿ. ಇಂದು ಒಳ್ಳೆಯ ಪಂದ್ಯದ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿದೆ. ಅದು ಒಬ್ಬನ ಸ್ವತ್ತಾಗಿ ಮನೆಗೆ ಹೋದರೆ ಒಬ್ಬನು ಓಡುತ್ತಾನೆ, ಶಾಲೆಯಲ್ಲಿ ಉಳಿದರೆ ವರ್ಷವರ್ಷವೂ ಒಬ್ಬೊಬ್ಬನು ಓಡುತ್ತಾನೆ. ತಂಡದ ಬಹುಮಾನದ ಹಣ ಎಲ್ಲರಿಗೂ ಸಮನಾಗಿ ಹಂಚಲ್ಪಡಲಿ. ವೃತ್ತಿಪರ ತಂಡಗಳಲ್ಲಿಯೂ ನಾಯಕನು ತನ್ನ ಬಹುಮಾನವನ್ನು ಜೊತೆಯವರಿಗೆ ಹಂಚುವ ವಾಡಿಕೆಯಿದೆ. ದೈಹಿಕ ಶಿಕ್ಷಣದ ಶಿಕ್ಷಕರು ಪ್ರತಿ ಪಂದ್ಯಕ್ಕೂ ಒಂದು ದಿನಚರಿ ಬರೆದಿಡಲಿ. ಯಾರು ಯಾರಿಗಾಗಿ ಎಷ್ಟು ದೂರ ಎಳೆದರು, ಯಾರು ಗಾಲಿ ಕೊಟ್ಟರು, ಈ ವರ್ಷ ಯಾರ ಸರದಿ ಬಂದಿಲ್ಲ ಎಂಬುದೆಲ್ಲ ಅದರಲ್ಲಿರಲಿ. ಕ್ರೀಡಾ ಪ್ರಮಾಣಪತ್ರ ಬರೆಯುವಾಗ ಸ್ಥಾನದ ಜೊತೆಗೆ ಆ ದಿನಚರಿಯ ಸಾಲೂ ಸೇರಲಿ. ಇಲಾಖೆಗಳು ಅದನ್ನು ಇಂದು ಓದದೆ ಹೋಗಬಹುದು. ಬರೆಯದೆ ಇದ್ದರಂತೂ ಎಂದೂ ಓದಲಾರವು.

ಇವೆಲ್ಲ ಸೈಕಲ್ಲಿಗೆ ಮಾತ್ರ ಅನ್ವಯಿಸುವ ಮಾತುಗಳಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಶ್ರೇಣಿಯ ಬೆನ್ನು ಹತ್ತಿದ ನಮ್ಮ ತರಗತಿಗಳಲ್ಲಿಯೂ ಗಾಳಿ ತಡೆಯುವವರಿದ್ದಾರೆ. ರಾತ್ರಿ ಪ್ರಸಾದನಿಲಯದ ದೀಪದ ಕೆಳಗೆ ಗೆಳೆಯನಿಗೆ ಗಣಿತ ತಿಳಿಸಿ, ತನ್ನ ಓದಿಗೆ ಒಂದು ಗಂಟೆ ಕಡಿಮೆ ಮಾಡಿಕೊಂಡವನು. ಜ್ವರ ಬಂದವನಿಗಾಗಿ ಟಿಪ್ಪಣಿ ನಕಲು ಮಾಡಿದವಳು. ತಂಗಿಯನ್ನು ಶಾಲೆಗೆ ಕಳಿಸಲು ತಾನು ಅರ್ಧಕ್ಕೆ ನಿಂತ ಅಣ್ಣ. ಇವರಲ್ಲಿ ಕೊನೆಯವನ ವಿಷಯದಲ್ಲಿ ನಾವು ಎಚ್ಚರವಾಗಿರಬೇಕು. ಅವನ ತ್ಯಾಗವನ್ನು ವೇದಿಕೆಯ ಮೇಲೆ ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಅವನ ಸರದಿ ಬಂದಿತೇ ಎಂದು ಕೇಳುವುದು, ಬಾರದಿದ್ದರೆ ಅವನನ್ನು ಹುಡುಕಿ ಕರೆತಂದು ಮತ್ತೆ ಬೆಂಚಿನ ಮೇಲೆ ಕೂರಿಸುವುದು ಕಷ್ಟ. ಶಾಲೆಯೆಂಬುದು ಇರುವುದು ಆ ಕಷ್ಟದ ಕೆಲಸಕ್ಕಾಗಿ.

ಗೆದ್ದವನ ಕೊರಳಿಗೆ ಹಾರ ಬೀಳಲಿ. ಅದು ಅವನ ಹಕ್ಕು. ಆದರೆ ಹಾರ ಹಾಕುವ ಕೈ, ಅದೇ ಸಂಜೆ, ಎಪ್ಪತ್ತೆಂಟನೆಯವನ ತಂದೆಗೆ ಒಂದು ಪತ್ರವನ್ನೂ ಬರೆಯಲಿ. ‘ನಿಮ್ಮ ಮಗ ಇಂದು ಎದುರುಗಾಳಿಯಲ್ಲಿ ನಲವತ್ತು ಕಿಲೋಮೀಟರು ತಂಡವನ್ನು ಎಳೆದ, ಮುಂದಿನ ಪಂದ್ಯದಲ್ಲಿ ತಂಡ ಅವನನ್ನು ಎಳೆಯಲಿದೆ’ ಎಂದು ಬರೆದು, ಬರೆದಂತೆ ನಡೆಸಿಕೊಡಲಿ.